ನಿಕಾನ್ ಕೈಗೆ ಕ್ಯಾನನ್ ಕ್ಯಾಮೆರಾ

ಸಂಜೆಯ ಹೊತ್ತು ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಮೂರು ನಾಲ್ಕು ಮಂದಿ ಈಚೆಗೆ ಒಂದೇ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದಾರೆ: ಹಳೆಯದೊಂದು ಕ್ಯಾಮೆರಾ ಕೊಳ್ಳಬೇಕೆಂದಿದ್ದೇವೆ, ನಿಕಾನ್ ಆದೀತೋ ಕ್ಯಾನನ್ ಆದೀತೋ? 2018ರಲ್ಲಿ ಈ ಎರಡೂ ಕಂಪನಿಗಳು ಒಳಗೆ ಕನ್ನಡಿಯಿಲ್ಲದ ದೊಡ್ಡ ಕ್ಯಾಮೆರಾಗಳ ಹೊಸ ಸಾಲನ್ನು ಹೊರತಂದ ಮೇಲೆ, ಕನ್ನಡಿಯುಳ್ಳ ಹಳೆಯವನ್ನು ಅನೇಕರು ಮಾರತೊಡಗಿದ್ದಾರೆ. ಸಂಬಳದ ಮೇಲೆ ಬದುಕುವ ನಮ್ಮಂಥವರು ಬೆಲೆ ವಿಚಾರಿಸುವ ಧೈರ್ಯ ಮಾಡುವಂತಾಗಿದೆ. ಆದುದರಿಂದ ಪ್ರಶ್ನೆ ಸಕಾಲಿಕವೇ ಸರಿ. ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಆದರೆ ಎಂಟು ವರ್ಷ ನಿಕಾನ್ ಡಿ 90 ಒಂದನ್ನೇ ಬಳಸಿದ ನಾನು, ಕಳೆದ ವರ್ಷ ಹದಿನೈದು ದಿನ ಕ್ಯಾನನ್ 60 ಡಿ ಹಿಡಿದು ನೋಡಿದೆ. ಅದರಲ್ಲಿ ಕಲಿತದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಕ್ಯಾಮೆರಾ ನನ್ನದಲ್ಲ. ಹೋಟೆಲಿನ ಗಲ್ಲೆಯಲ್ಲಿ ಕೂರುವ ಮಿತ್ರರೊಬ್ಬರು ಅದನ್ನು ಮಾರುವವರಿದ್ದರು. "ಮೊದಲು ಕೊಂಡುಹೋಗಿ ನೋಡಿ ಮಾರಾಯ್ರೇ, ಕೈಗೆ ಹೊಂದಿದರೆ ಆಮೇಲೆ ದುಡ್ಡಿನ ಮಾತು" ಎಂದು ಚೀಲಸಮೇತ ಕೊಟ್ಟರು.

ಎದುರಾಳಿಗಳೆಂದು ನಾವು ಕರೆಯುವ ಈ ಇಬ್ಬರ ಹಿಂದಿನ ಸಂಬಂಧವನ್ನು ಮೊದಲು ಹೇಳಿಬಿಡುವೆ. ನಿಕಾನ್ ಮೂಲತಃ ನಿಪ್ಪಾನ್ ಕೊಗಾಕು ಎಂಬ ಹೆಸರಿನಲ್ಲಿ 1917ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಸೂರಗಳ ಕಂಪನಿ. ಕ್ಯಾನನ್ನಿನ ಮೂಲ ಸಂಸ್ಥೆ 1933ರಲ್ಲಿ ಟೋಕಿಯೋದಲ್ಲಿ ಆರಂಭವಾಯಿತು. 1936ರಲ್ಲಿ ಅದು ಮಾರುಕಟ್ಟೆಗೆ ತಂದ ಹನ್ಸಾ ಕ್ಯಾನನ್ ಎಂಬ ಕ್ಯಾಮೆರಾಕ್ಕೆ ಲೆನ್ಸ್ ಮಾಡಿಕೊಟ್ಟವರು ಯಾರೆಂದರೆ ಇದೇ ನಿಪ್ಪಾನ್ ಕೊಗಾಕು! ಅದಕ್ಕೂ ಮುಂಚೆ, 1934ರಲ್ಲಿ, ಪರೀಕ್ಷೆಗೆಂದು ಮಾಡಿದ ಕ್ಯಾಮೆರಾಕ್ಕೆ ಕ್ವಾನನ್ ಎಂದು ಹೆಸರಿಟ್ಟಿದ್ದರು. ಅದು ಜಪಾನಿನ ಬೌದ್ಧರ ಕರುಣಾಮೂರ್ತಿಯ ಹೆಸರು. ನಮ್ಮ ಕಡೆ ಅವಲೋಕಿತೇಶ್ವರ ಎನ್ನುವುದು ಅದನ್ನೇ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರನ ಮೂರ್ತಿಯನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಅದೂ ಅವಲೋಕಿತೇಶ್ವರನದೇ ಎಂದು ಬಲ್ಲವರು ಹೇಳುತ್ತಾರೆ. ಕ್ಯಾಮೆರಾದ ಮೇಲಿನ ಹೆಸರು ಅಷ್ಟರಮಟ್ಟಿಗೆ ನಮಗೆ ಪರಕೀಯವಲ್ಲ.

ಇರಲಿ, ಕೈಗೆ ಬಂದ ಕ್ಯಾಮೆರಾದ ವಿಚಾರಕ್ಕೆ ಬರೋಣ. ಚಿತ್ರದ ಗುಣದಲ್ಲಿ ಹೇಳಿಕೊಳ್ಳುವಂಥ ಅಂತರ ನನಗೆ ಕಾಣಲಿಲ್ಲ. ನನ್ನದು 1 ಕೋಟಿ 23 ಲಕ್ಷ ಚುಕ್ಕೆಗಳ ಕ್ಯಾಮೆರಾ, ಅವರದು 1 ಕೋಟಿ 80 ಲಕ್ಷದ್ದು. ಆದರೂ ಎರಡರಿಂದಲೂ ಪೋಸ್ಟ್‌ಕಾರ್ಡ್ ಅಳತೆಯ ಪ್ರತಿ ತೆಗೆಸಿ ವಾಚನಾಲಯದ ಮೇಜಿನ ಮೇಲಿಟ್ಟಾಗ, ಯಾವುದು ಯಾವುದರದೆಂದು ಯಾರೂ ಹೇಳಲಾರದೆ ಹೋದರು. ವ್ಯತ್ಯಾಸವಿರುವುದೆಲ್ಲ ಬೆರಳುಗಳ ಕೆಲಸದಲ್ಲಿ.

ಮೊದಲ ದಿನವೇ ಲೆನ್ಸ್ ಕಳಚಲು ಹೋಗಿ ಸೋತೆ. ಕ್ಯಾಮೆರಾವನ್ನು ಎದುರಿನಿಂದ ನೋಡಿದಾಗ ನಿಕಾನ್ ಲೆನ್ಸನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಕೂಡಿಸಬೇಕು. ಕ್ಯಾನನ್ ಲೆನ್ಸನ್ನು ಮುಳ್ಳು ಹೋಗುವ ದಿಕ್ಕಿಗೇ. ಕಳಚುವಾಗ ಇದರ ತಿರುಗುಮುರುಗು. ನಾನು ನನ್ನ ಅಭ್ಯಾಸದಂತೆ ತಿರುಗಿಸಿದೆ, ಬರಲಿಲ್ಲ; ಇನ್ನಷ್ಟು ಬಲ ಹಾಕಿದೆ. ಪುಣ್ಯಕ್ಕೆ ಮುರಿಯಲಿಲ್ಲ. ಫೋಕಸ್ ಮಾಡುವ ಬಳೆಯೂ ಹಾಗೆಯೇ ಒಂದರದು ಇನ್ನೊಂದಕ್ಕೆ ವಿರುದ್ಧ.

ಷಟರಿನ ವೇಗವನ್ನೂ ಅಪರ್ಚರ್ ಎಂಬ ಬೆಳಕಿನ ಕಂಡಿಯನ್ನೂ ನಾವೇ ಹೊಂದಿಸಿಕೊಳ್ಳುವಾಗ, ಡಿ 90ಯಲ್ಲಿ ಹೆಬ್ಬೆರಳಿನ ಚಕ್ರ ವೇಗವನ್ನು ಬದಲಿಸುತ್ತದೆ, ತೋರುಬೆರಳಿನ ಚಕ್ರ ಕಂಡಿಯನ್ನು. 60 ಡಿಯಲ್ಲಿ ತೋರುಬೆರಳಿಗೆ ವೇಗ, ಹೆಬ್ಬೆರಳಿಗೆ ಕಂಡಿ. ಒಂದೇ ಮನೆಯ ಕೆಲಸವನ್ನು ಅತ್ತೆ ಸೊಸೆ ಅದಲುಬದಲು ಮಾಡಿಕೊಂಡಂತೆ: ಅಡಿಗೆ ಆಗುತ್ತದೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೇ ತಿಳಿಯದು. ಕ್ಯಾಮೆರಾ ಚಾಲೂ ಮಾಡುವ ಕೀಲಿ ನನ್ನದರಲ್ಲಿ ಷಟರ್ ಗುಂಡಿಯ ಸುತ್ತಲೇ ಇದೆ. ಎತ್ತುವಾಗಲೇ ಬೆರಳು ಅದನ್ನು ತಿರುಗಿಸಿರುತ್ತದೆ. ಕ್ಯಾನನ್ನಿನದು ಎಡಗಡೆ ಮೇಲೆ. ಅದಕ್ಕೆ ಎಡಗೈ ಬೇಕು.

ಆದರೆ ನ್ಯಾಯವಾಗಿ ಹೇಳಬೇಕಾದರೆ ಕ್ಯಾನನ್ನಿನಲ್ಲಿ ನನಗೆ ಮೆಚ್ಚುಗೆಯಾದುದೂ ಉಂಟು. ಬೆಳಕಿಗೆ ಎಷ್ಟು ಚುರುಕಾಗಿರಬೇಕೆಂದು ಹೇಳುವ ಐಎಸ್ಒ ಗುಂಡಿ ಅದರಲ್ಲಿ ಬಲಗೈಯ ಬೆರಳಿಗೇ ಸಿಗುತ್ತದೆ. ನನ್ನದರಲ್ಲಿ ಹಿಂಬದಿ ಎಡಮೂಲೆಯಲ್ಲಿದ್ದು, ಲೆನ್ಸ್ ಹಿಡಿದ ಕೈಯನ್ನು ಬಿಟ್ಟು ತಡಕಬೇಕು. ಹಿಂಬದಿಯ ದೊಡ್ಡ ಚಕ್ರ ಹೆಬ್ಬೆರಳಿಗೆ ಬಹಳ ಹಿತ. ಹೊರಕ್ಕೆ ತೆರೆದು ತಿರುಗುವ ಪರದೆಯಂತೂ, ಜನರ ತಲೆಯ ಮೇಲಿಂದ ಕ್ಯಾಮೆರಾ ಎತ್ತಿ ಹಿಡಿದು ರಂಗಸ್ಥಳದ ಯಕ್ಷಗಾನ ತೆಗೆಯುವವನಿಗೆ ವರವೇ. ವಾರ ಕಳೆಯುವಷ್ಟರಲ್ಲಿ ಇದನ್ನೇ ಕೊಳ್ಳೋಣವೆಂದು ಮನಸ್ಸು ಒಲಿದಿತ್ತು.

ಆಗ ಸಭೆಯ ದಿನ ಬಂತು. ವಾಚನಾಲಯದ ಬಾಗಿಲು ತೆಗೆದು, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸಿ, ರಾತ್ರಿ ದೀಪ ಆರಿಸಿ ಹೋಗುತ್ತಿದ್ದ ನಮ್ಮ ಹಿರಿಯರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಅವರಿಗೆ ಶಾಲು, ಹಾರ, ಫಲತಾಂಬೂಲ. ಚಿತ್ರ ತೆಗೆಯುವ ಭಾರ ನನ್ನದು. ಹೊಸ ಕ್ಯಾಮೆರಾದ ಉತ್ಸಾಹದಲ್ಲಿ ನನ್ನ ನಿಕಾನನ್ನು ಕೋಣೆಯಲ್ಲೇ ಬಿಟ್ಟು ಹೋದೆ.

ವೇದಿಕೆಯ ಹಿಂದೆ ಕಪ್ಪು ಪರದೆ, ಮುಂದಿನಿಂದ ಬಲವಾದ ದೀಪ. ಇಂಥಲ್ಲಿ ಕ್ಯಾಮೆರಾ ತಾನಾಗಿ ಬೆಳಕನ್ನು ಅಳೆದರೆ ಕಪ್ಪನ್ನು ಕಂಡು ಮೋಸಹೋಗಿ ಹೆಚ್ಚು ಬೆಳಕು ಕೊಟ್ಟುಬಿಡುತ್ತದೆ, ಮುಖ ಬಿಳಿಚುತ್ತದೆ. ಆದ್ದರಿಂದ ಒಂದು ಮೆಟ್ಟಿಲು ಕಡಿಮೆ ಮಾಡಬೇಕು. ಇದು ನನಗೆ ಗೊತ್ತಿದ್ದ ವಿದ್ಯೆಯೇ. ಕಣ್ಣಿಡುವ ಕಿಂಡಿಯ ಕೆಳಗಡೆ ಒಂದು ಅಳತೆಗೋಲು ಕಾಣುತ್ತದೆ. ನನ್ನ ಡಿ 90ಯಲ್ಲಿ, ಅದೇ ಕಾಲದ ಹಲವು ನಿಕಾನ್‌ಗಳಲ್ಲಿದ್ದಂತೆ, ಹೆಚ್ಚು ಎಂಬುದು ಎಡಕ್ಕೆ, ಕಡಿಮೆ ಎಂಬುದು ಬಲಕ್ಕೆ. ಕ್ಯಾನನ್ನಿನಲ್ಲಿ ಕಡಿಮೆ ಎಡಕ್ಕೆ, ಹೆಚ್ಚು ಬಲಕ್ಕೆ. ಜಮೆಯನ್ನು ಎಡಕ್ಕೆ ಬರೆದು ರೂಢಿಯಾದ ಗುಮಾಸ್ತನಿಗೆ ಜಮೆ ಬಲಕ್ಕಿರುವ ಪುಸ್ತಕ ಕೊಟ್ಟರೆ ಏನಾದೀತೋ ಅದೇ ಆಯಿತು. ನಾನು ಗುರುತನ್ನು ಬಲಕ್ಕೆ ಒಂದು ಮನೆ ಸರಿಸಿದೆ. ಒಂದು ಕಡಿಮೆಯಾಗಬೇಕಾದಲ್ಲಿ ಒಂದು ಹೆಚ್ಚಾಯಿತು. ನಡುವಿನ ಅಂತರ ಎರಡು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುವುದರಿಂದ, ಬೇಕಾದುದರ ನಾಲ್ಕರಷ್ಟು ಬೆಳಕು ಆ ಮುದುಕರ ಮುಖದ ಮೇಲೆ ಬಿತ್ತು.

ಹಾರ, ಶಾಲು, ತಟ್ಟೆ ಒಂದರ ಹಿಂದೆ ಒಂದು ಬಂದವು. ಪರದೆ ನೋಡಲು ಪುರುಸೊತ್ತಾಗಲಿಲ್ಲ. ಚಪ್ಪಾಳೆ ಮುಗಿದ ಮೇಲೆ ನೋಡಿದರೆ, ಶಾಲಿನ ಮೇಲೆ ಸುಣ್ಣ ಬಳಿದ ಗೋಡೆಯಂಥ ಮುಖ. ಕಣ್ಣೆರಡು ಮಾತ್ರ ಉಳಿದಿದ್ದವು. ರಾ ಎಂಬ ಕಚ್ಚಾ ರೂಪದಲ್ಲಿ ತೆಗೆದಿದ್ದರೆ ಅಲ್ಪಸ್ವಲ್ಪ ಸರಿಪಡಿಸಬಹುದಿತ್ತೇನೋ. ನಾನು ತೆಗೆದದ್ದು ಜೆಪೆಗ್ ರೂಪದಲ್ಲಿ. ಅದರಲ್ಲಿ ಪೂರ್ತಿ ಬಿಳಿಯಾಗಿ ಹೋದದ್ದು ಹೋದದ್ದೇ.

ಅವರಿಗೆ ತೋರಿಸಿದಾಗ, "ಹೋಗಲಿ ಬಿಡಿ, ಈ ಪ್ರಾಯದಲ್ಲಾದರೂ ಬೆಳ್ಳಗಾದೆನಲ್ಲ" ಎಂದು ನಕ್ಕರು. ಊರಿನಲ್ಲಿ ಮಗಳಿಗೆ ತೋರಿಸುವೆನೆಂದು ಅವರು ಆ ಚಿತ್ರಕ್ಕಾಗಿ ಕಾದಿದ್ದುದು ನನಗೆ ಗೊತ್ತಿತ್ತು. ಮರುದಿನ ರಾತ್ರಿ ಅವರ ಗಾಡಿ. ಬೆಳಿಗ್ಗೆ ನನ್ನ ನಿಕಾನ್ ಹಿಡಿದು ಹೋಗಿ, ಅದೇ ಶಾಲು ಹೊದಿಸಿ, ಬಾಡಿದ ಹಾರವನ್ನೇ ಹಾಕಿಸಿ, ವಾಚನಾಲಯದ ಬಾಗಿಲಲ್ಲಿ ನಿಲ್ಲಿಸಿ ತೆಗೆದೆ. ಮುಖ ಚೆನ್ನಾಗಿಯೇ ಬಂದಿದೆ. ಆದರೆ ಹಿಂದಿನ ದಿನ ಎದುರಿಗಿದ್ದ ಸಭೆ ಅಲ್ಲಿರಲಿಲ್ಲ.

ಇದರಲ್ಲಿ ಕ್ಯಾಮೆರಾದ ದೋಷ ಎಳ್ಳಷ್ಟೂ ಇಲ್ಲ. ಬಲಕ್ಕೆ ಹೆಚ್ಚು, ಎಡಕ್ಕೆ ಕಡಿಮೆ ಎಂಬುದೇ ಲೋಕದ ಲೆಕ್ಕ. ನಿಕಾನ್ ಕಂಪನಿಯೂ ಮುಂದಿನ ಮಾದರಿಗಳಲ್ಲಿ ಹಾಗೆಯೇ ಬದಲಾಯಿಸಿತು. ನನ್ನ ಡಿ 90ಯಲ್ಲೂ ಮೆನುವಿಗೆ ಹೋಗಿ ಅದನ್ನು ತಿರುಗಿಸಿಕೊಳ್ಳಬಹುದಿತ್ತು. ಎಂಟು ವರ್ಷ ನಾನು ಆ ಗೋಜಿಗೆ ಹೋಗಿರಲಿಲ್ಲ, ಅಷ್ಟೆ.

ಇನ್ನು ದುಡ್ಡಿನ ಮಾತು. ಕ್ಯಾಮೆರಾ ಕೊಳ್ಳುವುದೆಂದರೆ ಸಂಬಂಧ ಬೆಳೆಸಿದಂತೆ, ಬೀಗರ ಕಡೆಯನ್ನೂ ವಿಚಾರಿಸಬೇಕು. ಇಲ್ಲಿ ಬೀಗರೆಂದರೆ ಲೆನ್ಸುಗಳು. ನಿಕಾನ್ 1959ರಲ್ಲಿ ಮಾಡಿದ ಲೆನ್ಸಿನ ಜೋಡಣೆಯನ್ನೇ ತನ್ನ ಕನ್ನಡಿ ಕ್ಯಾಮೆರಾಗಳಿಗೆಲ್ಲ ಉಳಿಸಿಕೊಂಡು ಬಂತು. ಕ್ಯಾನನ್ 1987ರಲ್ಲಿ ತನ್ನ ಹಳೆಯ ಜೋಡಣೆಯನ್ನು ಕೈಬಿಟ್ಟು ಇಎಫ್ ಎಂಬ ಹೊಸದನ್ನು ತಂದಿತು. ಹಳೆಯ ಗಿರಾಕಿಗಳ ಲೆನ್ಸುಗಳು ಅದಕ್ಕೆ ಕೂಡಲಿಲ್ಲ. ಆದರೆ ಅದರಿಂದ ಒಂದು ಲಾಭವೂ ಆಯಿತು: ಇಎಫ್ ಸಾಲಿನಲ್ಲಿ ತಾನಾಗಿ ಫೋಕಸ್ ಆಗುವ ಲೆನ್ಸುಗಳಿಗೆಲ್ಲ ಮೋಟಾರು ಲೆನ್ಸಿನೊಳಗೇ ಇದೆ. ನಿಕಾನ್‌ನ ಅಗ್ಗದ ಡಿ 3000, ಡಿ 5000 ಸಾಲಿನ ಕ್ಯಾಮೆರಾಗಳಲ್ಲಿ ಮೋಟಾರಿಲ್ಲ. ತನ್ನಲ್ಲೂ ಮೋಟಾರಿಲ್ಲದ ಹಳೆಯ ಲೆನ್ಸನ್ನು ಅದಕ್ಕೆ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಅಗ್ಗವೆಂದು ಎರಡನ್ನೂ ಬೇರೆ ಬೇರೆ ಕಡೆ ಕೊಂಡು ತಂದು ಪೇಚಾಡಿದವರನ್ನು ನಾನು ಬಲ್ಲೆ. ಡಿ 90ಯೊಳಗೆ ಮೋಟಾರು ಇರುವುದರಿಂದ ನನಗೆ ಆ ತಾಪತ್ರಯವಿಲ್ಲ.

ಒಂದರ ಲೆನ್ಸು ಇನ್ನೊಂದಕ್ಕೆ ಬಾರದೇ? ಅರ್ಧ ಬರುತ್ತದೆ. ಲೆನ್ಸ್ ಕೂರುವ ಬಾಯಿಯಿಂದ ಚಿತ್ರ ಮೂಡುವ ಫಲಕಕ್ಕೆ ನಿಕಾನ್‌ನಲ್ಲಿ 46.5 ಮಿಲಿಮೀಟರ್, ಕ್ಯಾನನ್ನಿನಲ್ಲಿ 44. ಉಳಿಯುವ ಎರಡೂವರೆ ಮಿಲಿಮೀಟರಿನಲ್ಲಿ ತೆಳುವಾದ ಒಂದು ಬಳೆಯನ್ನಿಟ್ಟು ನಿಕಾನ್ ಲೆನ್ಸನ್ನು ಕ್ಯಾನನ್ನಿಗೆ ಕೂಡಿಸಬಹುದು, ಸಾಮಾನ್ಯವಾಗಿ ಫೋಕಸ್ ಮಾತ್ರ ಕೈಯಿಂದ. ಕ್ಯಾನನ್ ಲೆನ್ಸನ್ನು ನಿಕಾನ್‌ಗೆ ಹಾಕಲು ಆ ಜಾಗವೇ ಇಲ್ಲ. ಹಾಕಿದರೆ ದೂರದ ವಸ್ತು ಸ್ಪಷ್ಟವಾಗದು.

ನನ್ನಲ್ಲಿರುವುದು ಎರಡೇ ಲೆನ್ಸು. ಅವನ್ನು ಅರೆಬೆಲೆಗೆ ಮಾರಿ, ಅಂಥವೇ ಎರಡನ್ನು ಕ್ಯಾನನ್ನಿನಲ್ಲಿ ಮತ್ತೆ ಕೊಳ್ಳುವ ಲೆಕ್ಕ ಹಾಕಿ ನೋಡಿ, ಹದಿನೈದನೆಯ ದಿನ ಚೀಲವನ್ನು ಮಿತ್ರರಿಗೆ ಹಿಂದಿರುಗಿಸಿದೆ. ಈಗ ಅದನ್ನು ನಮ್ಮ ವಾಚನಾಲಯಕ್ಕೆ ಬರುವ ಹುಡುಗನೊಬ್ಬ ಕೊಂಡಿದ್ದಾನೆ. ಹಿಂದೆ ಯಾವ ಕ್ಯಾಮೆರಾವನ್ನೂ ಹಿಡಿದವನಲ್ಲ. ಮೂರನೆಯ ದಿನ ನನ್ನ ನಿಕಾನನ್ನು ಕೇಳಿ ಪಡೆದು, ಎರಡು ಚಿತ್ರ ತೆಗೆದು, "ಅಣ್ಣಾ, ಇದರಲ್ಲಿ ಎಲ್ಲ ಉಲ್ಟಾ ಇದೆಯಲ್ಲ" ಎಂದ.