ಮನೆ ಕಂಪ್ಯೂಟರ್‌ಗೂ ಇರಲಿ ಒಂದು ಚಿಲಕ

ಊರಿಗೆ ಹೊರಡುವಾಗ ಗ್ಯಾಸ್ ಆಫ್ ಆಗಿದೆಯಾ, ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದೀವಾ ಅಂತ ಎರಡೆರಡು ಸಲ ನೋಡುವವರು ನಾವು. ಹಾಲ್‌ನ ಮೂಲೆಯಲ್ಲಿರುವ ಕಂಪ್ಯೂಟರ್‌ಗೆ ಮಾತ್ರ ಈ ಭಾಗ್ಯ ಇಲ್ಲ. ಮದುವೆ ಫೋಟೊ, ಮಕ್ಕಳ ಮಾರ್ಕ್ಸ್ ಕಾರ್ಡ್, ಜಮೀನಿನ ಪತ್ರದ ಸ್ಕ್ಯಾನ್, ಬ್ಯಾಂಕಿನ ಪಾಸ್‌ವರ್ಡ್ ಎಲ್ಲ ಅದರೊಳಗೇ ಇರುತ್ತವೆ. ಆದರೂ "ನಮ್ಮ ಕಂಪ್ಯೂಟರ್‌ನಲ್ಲಿ ಕದಿಯೋಕೆ ಏನಿದೆ ಬಿಡಿ" ಅನ್ನುತ್ತೇವೆ.

ನಾನು ಹಲವು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು. ಹೀಗಾಗಿ ನಮ್ಮ ಬೀದಿಯಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಮೊದಲ ಫೋನು ನನಗೇ. ಅಷ್ಟೂ ಮನೆಗಳಲ್ಲಿ ನಾನು ಕಂಡದ್ದು ಒಂದೇ: ವೈರಸ್ ಬಾಗಿಲು ಮುರಿದು ಬರುವುದು ಕಡಿಮೆ. ಹೆಚ್ಚಿನ ಸಲ ಮನೆಯವರೇ ಬಾಗಿಲು ತೆಗೆದಿರುತ್ತಾರೆ.

ಮೇಷ್ಟ್ರ ಮನೆಯಲ್ಲಿ ಆಗಿದ್ದು

ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಫೋನ್ ಮಾಡಿದರು. "ನೋಡಮ್ಮ, ಯಾವ ಫೋಟೊನೂ ತೆರೀತಿಲ್ಲ. ಹೆಸರೆಲ್ಲ ವಿಚಿತ್ರವಾಗಿದೆ." ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ನಾಲ್ಕು ಅರ್ಥವಿಲ್ಲದ ಅಕ್ಷರ ಅಂಟಿಕೊಂಡಿತ್ತು. ಪ್ರತಿ ಫೋಲ್ಡರ್‌ನಲ್ಲೂ 'ರೀಡ್‌ಮಿ' ಎಂಬ ಚೀಟಿ. ಫೈಲು ವಾಪಸ್ ಬೇಕಾದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರೇಟು, 490!

ಇದು 'ಸ್ಟಾಪ್' ಅಥವಾ 'ಡಿಜೆವಿಯು' ಎಂಬ ರ‍್ಯಾನ್ಸಮ್‌ವೇರ್. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ಜಾತಿ. ದೊಡ್ಡ ಕಂಪನಿಗಳಿಗಿಂತ ಮನೆ ಕಂಪ್ಯೂಟರ್‌ಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಗೇಮು, ಸಾಫ್ಟ್‌ವೇರ್‌ಗಳ 'ಕ್ರ್ಯಾಕ್' ಮಾಡಿದ ಪುಕ್ಕಟೆ ಪ್ರತಿಗಳ ಜೊತೆ ಬರುತ್ತದೆ.

ಮೊಮ್ಮಗ ಅಂಥದ್ದೇ ಒಂದು ಗೇಮ್ ಹಾಕಿದ್ದ. ಆಂಟಿವೈರಸ್ ಆಫ್ ಮಾಡಿ ಅಂತ ಅದರ ಸೂಚನೆಯಲ್ಲಿತ್ತು, ಹಾಗೇ ಮಾಡಿದ್ದ. ಬೈಯ್ತಾರೆ ಅಂತ ಹೆದರಿ ಎರಡು ದಿನ ಬಾಯಿ ಬಿಟ್ಟಿರಲಿಲ್ಲ. ತೀರಿಕೊಂಡ ಹೆಂಡತಿಯ ಫೋಟೊಗಳನ್ನು ಮೇಷ್ಟ್ರು ಅದೇ ಕಂಪ್ಯೂಟರ್‌ನಲ್ಲಿ ಒಟ್ಟುಮಾಡಿಟ್ಟಿದ್ದರು. ಮಗಳ ಮೊಬೈಲಿನಲ್ಲಿ ಒಂದಿಷ್ಟು ಸಿಕ್ಕವು. ಉಳಿದವು ಸಿಗಲಿಲ್ಲ.

ಕಾವಲುಗಾರನನ್ನು ಕಳಿಸಬೇಡಿ

ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಆಂಟಿವೈರಸ್ ಮೊದಲೇ ಇರುತ್ತದೆ, ಪ್ರತ್ಯೇಕ ದುಡ್ಡಿಲ್ಲ. ಅದನ್ನು ಆನ್ ಇಟ್ಟು ಅಪ್‌ಡೇಟ್ ಆಗಲು ಬಿಟ್ಟರೆ ಸಾಮಾನ್ಯ ಮನೆಬಳಕೆಗೆ ಸಾಕು. ಆಂಟಿವೈರಸ್ ಆಫ್ ಮಾಡು ಅಂತ ಯಾವುದೇ ಸಾಫ್ಟ್‌ವೇರ್ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಕಾವಲುಗಾರನನ್ನು ಆಚೆ ಕಳಿಸಿ ಅನ್ನುವವನು ನೆಂಟನಲ್ಲ.

ಕನ್ನಡ ಟೈಪ್ ಮಾಡುವ ತಂತ್ರಾಂಶವೇ ಇರಲಿ, ಪಿಡಿಎಫ್ ಓದುವುದೇ ಇರಲಿ, ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಮಕ್ಕಳಿಗೆ ಬೇರೆ ಅಕೌಂಟ್ ಮಾಡಿಕೊಡಿ. ಅದು 'ಅಡ್ಮಿನಿಸ್ಟ್ರೇಟರ್' ಆಗದೆ 'ಸ್ಟ್ಯಾಂಡರ್ಡ್' ಆಗಿದ್ದರೆ, ಹೆಚ್ಚಿನ ಸಾಫ್ಟ್‌ವೇರ್ ಹಾಕುವ ಮೊದಲು ದೊಡ್ಡವರ ಪಾಸ್‌ವರ್ಡ್ ಕೇಳುತ್ತದೆ.

ಅಪ್‌ಡೇಟ್ ಮುಂದೂಡಬೇಡಿ

2017ರ ಮೇ 12ರಂದು 'ವಾನ್ನಾಕ್ರೈ' ಹಬ್ಬಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರ್‌ಗಳು ಕೂತುಬಿಟ್ಟವು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು! ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮಲ್ಲಿ ಇನ್ನೂ ಅದೇ ಇದ್ದರೆ ವಿಂಡೋಸ್ 11ಕ್ಕೆ ಹೋಗುವ ದಾರಿ ನೋಡಿ. ಹಳೇ ಯಂತ್ರ ಒಪ್ಪದಿದ್ದರೆ ಲಿನಕ್ಸ್ ಹಾಕಿಸಬಹುದು.

ಪೆನ್‌ಡ್ರೈವ್ ಮತ್ತು ಜೆರಾಕ್ಸ್ ಅಂಗಡಿ

ಪ್ರಿಂಟ್ ತೆಗೆಸಲು ಹೋದ ಪೆನ್‌ಡ್ರೈವ್ ಮನೆಗೆ ಬಂದಾಗ ಅದರ ಫೋಲ್ಡರ್‌ಗಳೆಲ್ಲ ಪುಟ್ಟ ಬಾಣದ ಗುರುತಿನ ಶಾರ್ಟ್‌ಕಟ್ ಆಗಿರುವುದನ್ನು ನೀವೂ ನೋಡಿರಬಹುದು. ಅಸಲಿ ಫೈಲು ಅಡಗಿರುತ್ತದೆ. ಶಾರ್ಟ್‌ಕಟ್ ಒತ್ತಿದರೆ ವೈರಸ್ ಎದ್ದು ನಿಮ್ಮ ಕಂಪ್ಯೂಟರ್‌ಗೆ ಇಳಿಯುತ್ತದೆ. ಆದ್ದರಿಂದ ಒತ್ತಬೇಡಿ, ಮೊದಲು ಸ್ಕ್ಯಾನ್ ಮಾಡಿ. ಅಂಗಡಿಗೆಂದೇ ಬೇರೆ ಪೆನ್‌ಡ್ರೈವ್ ಇಟ್ಟುಕೊಂಡು, ಬೇಕಾದ ಒಂದೇ ಫೈಲು ಹಾಕಿಕೊಂಡು ಹೋಗುವುದು ಇನ್ನೂ ಲೇಸು.

ಹೆಸರಿನ ಬಾಲ ನೋಡಿ

2000ನೇ ಇಸವಿಯ ಮೇ ತಿಂಗಳಲ್ಲಿ ಪ್ರೇಮಪತ್ರದ ವೇಷದಲ್ಲಿ 'ಐ ಲವ್ ಯೂ' ವೈರಸ್ ಇಮೇಲ್‌ಗಳಲ್ಲಿ ಬಂತು. ಹೆಸರಿನಲ್ಲಿ 'ಟಿಎಕ್ಸ್‌ಟಿ' ಕಾಣಿಸುತ್ತಿತ್ತು. ಅದರ ಹಿಂದಿನ 'ವಿಬಿಎಸ್' ಎಂಬ ಬಾಲವನ್ನು ವಿಂಡೋಸ್ ಮುಚ್ಚಿಡುತ್ತಿತ್ತು. ಈಗಲೂ 'ಬಿಲ್', 'ಕೊರಿಯರ್ ರಸೀದಿ' ಎಂದು ಬರುವುದು ಅದೇ ಉಪಾಯ. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಪಿಡಿಎಫ್ ಅಂದುಕೊಂಡಿದ್ದರ ಕೊನೆಯಲ್ಲಿ 'ಇಎಕ್ಸ್‌ಇ' ಕಂಡರೆ ಅಳಿಸಿಹಾಕಿ.

ಹಾಗೆಯೇ, ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ ಬಂದು 'ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ' ಅಂದರೆ ಮಾಡಬೇಡಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಗುರುತಿಲ್ಲದವರು 'ಎನಿಡೆಸ್ಕ್' ಹಾಕಿಕೊಳ್ಳಿ ಅಂದರೂ ಅಷ್ಟೇ. ಅದನ್ನು ಹಾಕಿ ಒಪ್ಪಿಗೆ ಕೊಟ್ಟರೆ ನಿಮ್ಮ ಕಂಪ್ಯೂಟರ್ ಅವರ ಕೈಯಲ್ಲಿ.

ಇನ್ನೊಂದು ಪ್ರತಿ ಎಲ್ಲಿದೆ?

ಮೇಷ್ಟ್ರಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಮೇಲಿನದೆಲ್ಲ ಪಾಲಿಸಿದರೂ ಒಮ್ಮೆ ತಪ್ಪಬಹುದು, ಹಾರ್ಡ್‌ಡಿಸ್ಕೇ ಸಾಯಬಹುದು. ಆಗ ಕೈ ಹಿಡಿಯುವುದು ಪ್ರತಿ ಮಾತ್ರ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಮನೆಯಿಂದ ಹೊರಗೆ ಎಂಬುದು ಹಳೆಯ ಲೆಕ್ಕ. ಕಂಪ್ಯೂಟರ್‌ನಲ್ಲಿ ಒಂದು, ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆಯೋ ಮಗಳ ಮನೆಯಲ್ಲೋ ಇನ್ನೊಂದು. ಪ್ರತಿ ಮಾಡಿದ ಮೇಲೆ ಆ ಹಾರ್ಡ್‌ಡಿಸ್ಕ್ ಕಳಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ತಿಂಗಳಿಗೊಂದು ಭಾನುವಾರ ಇದಕ್ಕೆ ಮೀಸಲಿಟ್ಟರಾಯಿತು.

ಆಗಿಹೋದರೆ?

ಮೊದಲು ಇಂಟರ್‌ನೆಟ್ ಕಿತ್ತುಹಾಕಿ, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಕಳಚಿ. ಬೇರೆ ಫೋನಿನಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಇಂಥ ಕ್ರ್ಯಾಕ್‌ಗಳು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡನ್ನೂ ಕದಿಯುತ್ತವೆ. ಸುಲಿಗೆ ಹಣ ಕಟ್ಟಬೇಡಿ, ಕಟ್ಟಿದರೂ ಫೈಲು ಸಿಗುತ್ತದೆಂಬ ಖಾತ್ರಿಯಿಲ್ಲ. ಯುರೋಪೋಲ್ ಮುಂತಾದವರು ಸೇರಿ 2016ರಲ್ಲಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಕೀಲಿ ಪುಕ್ಕಟೆ ಸಿಗುತ್ತದೆ. ನಮ್ಮ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ'ದ ತಾಣದಲ್ಲಿ ವೈರಸ್ ತೆಗೆಯುವ ಸಾಧನಗಳಿವೆ. ಬ್ಯಾಂಕಿನಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಡೆಯದಾಗಿ, ಮನೆಯಲ್ಲಿ ತಪ್ಪು ಮಾಡಿದವರನ್ನು ಬೈಯುವ ಮೊದಲು ಒಂದು ಕ್ಷಣ ತಡೆಯಿರಿ. ಆ ಹುಡುಗ ಮೊದಲ ಗಳಿಗೆಯಲ್ಲೇ "ತಾತಾ, ಏನೋ ಆಯ್ತು" ಅಂದು, ಇಂಟರ್‌ನೆಟ್ ಕಿತ್ತು ಯಂತ್ರ ನಿಲ್ಲಿಸಿದ್ದರೆ ಒಂದಷ್ಟು ಫೋಟೊಗಳಾದರೂ ಉಳಿಯುತ್ತಿದ್ದವೇನೋ. ಏನೇ ಒತ್ತಿದ್ದರೂ ಬಂದು ಹೇಳು, ಬೈಯಲ್ಲ ಅಂತ ಇವತ್ತೇ ನಿಮ್ಮ ಮಕ್ಕಳಿಗೆ ಹೇಳಿಡಿ. ಮನೆಯ ಹಿರಿಯರಿಗೂ ಹೇಳಿ. ಅವರೂ ಎಷ್ಟೋ ಸಲ ಸುಮ್ಮನಿದ್ದುಬಿಡುತ್ತಾರೆ.