ಆಫ್ ಮಾಡಿದ ಮೇಲೂ ಕಾಯುವುದೇಕೆ?

ಪ್ರಶ್ನೆ: ವಿದ್ಯುತ್ ಕಾರನ್ನು ಆಫ್ ಮಾಡಿದ ಮೇಲೂ ಮೆಕ್ಯಾನಿಕ್ ಕೆಲವು ನಿಮಿಷ ಕೈಕಟ್ಟಿ ನಿಲ್ಲುವುದೇಕೆ?

ಉತ್ತರ: ಬ್ಯಾಟರಿಯ ನೇರ ವಿದ್ಯುತ್ತನ್ನು ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರಿನೊಳಗೆ, ವೋಲ್ಟೇಜಿನ ಏರಿಳಿತವನ್ನು ತಗ್ಗಿಸಲೆಂದು ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಸಾಧನ, ಇರುತ್ತದೆ. ಸರ್ವಿಸ್ ಪ್ಲಗ್ ಕಿತ್ತು ಬ್ಯಾಟರಿಯ ಸಂಪರ್ಕ ಕಡಿದರೂ ಕೆಪಾಸಿಟರಿನಲ್ಲಿ ಉಳಿದ ಆವೇಶ ಇಳಿಯಲು ಸಮಯ ಹಿಡಿಯುವುದರಿಂದ, ತಯಾರಕರು ಸೂಚಿಸಿದಷ್ಟು ಹೊತ್ತು ಕಾಯಲೇಬೇಕು. ನೇರ ವಿದ್ಯುತ್ತು 60 ವೋಲ್ಟ್ ದಾಟಿದರೆ ಅಪಾಯಕಾರಿಯೆಂದು ಗಣಿಸಲಾಗುತ್ತದೆ. ಅನೇಕ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜ್ 300ರಿಂದ 400 ವೋಲ್ಟ್ ಇರುತ್ತದೆ. ಆದರೆ ಗಡಿಯಾರವನ್ನಷ್ಟೇ ನಂಬುವುದು ಸಲ್ಲದು: ರಬ್ಬರ್ ಕೈಗವಸಿಗೆ ಗಾಳಿ ತುಂಬಿ, ಹಿಂಡಿ, ತೂತಿಲ್ಲವೆಂದು ನೋಡಿ ತೊಟ್ಟು, ಮೀಟರನ್ನು ಮೊದಲು ಬೇರೊಂದು ಬ್ಯಾಟರಿಗೆ ಹಿಡಿದು ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಅಧಿಕ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲಿನ ತುದಿಯಲ್ಲಿ ವೋಲ್ಟೇಜ್ ಉಳಿದಿಲ್ಲವೆಂದು ಅಳೆದ ನಂತರವೇ ಸ್ಪ್ಯಾನರ್ ಎತ್ತಿಕೊಳ್ಳಬೇಕು. ಬ್ಯಾಟರಿ ಪೆಟ್ಟಿಗೆಯೊಳಗಿನ ಕೋಶಗಳನ್ನು ಮಾತ್ರ ಯಾವ ಪ್ಲಗ್ಗೂ ಆರಿಸಲಾರದು.