ಬರಗಾಲದ ವರ್ಷ ಶರ್ಯತ್ತಿಗೆ ಯಾರ ಎತ್ತು?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು, ಬರಗಾಲದ ವರ್ಷದಲ್ಲೂ ಚಕ್ಕಡಿ ಶರ್ಯತ್ತು ಏರ್ಪಡಿಸುವ ಊರಿನವರಿಗೆ ಅನ್ವಯಿಸಿ ಸುಮ್ಮನಾಗುವುದು ಸುಲಭ. ಮಳೆ ಕೈಕೊಟ್ಟಿದೆ, ಬೆಳೆ ಒಣಗಿದೆ, ಸಂಘದ ಸಾಲ ಹಾಗೇ ಉಳಿದಿದೆ. ಆದರೂ ಜಾತ್ರೆಯ ಮರುದಿನ ಊರ ಹೊರಗಿನ ಹೊಲದಲ್ಲಿ ಜನ ಸೇರುತ್ತಾರೆ, ಧ್ವನಿವರ್ಧಕ ಕೂಗುತ್ತದೆ, ಬಹುಮಾನದ ಮೋಟಾರ್ ಸೈಕಲ್ಲಿಗೆ ಹೂಮಾಲೆ ಬೀಳುತ್ತದೆ. ನೋಡುವವರ ಗದ್ದಲದಿಂದ ಅಳೆದರೆ ಬರ ಬಂದದ್ದೇ ತಿಳಿಯದು. ತಿಳಿಯಬೇಕೆಂದರೆ ಓಡುವ ಎತ್ತುಗಳ ಕಡೆ ನೋಡಬೇಕು. ಅವು ಯಾರ ಮನೆಯವು, ವರ್ಷದ ಉಳಿದ ದಿನ ಏನು ಕೆಲಸ ಮಾಡುತ್ತವೆ ಎಂದು ಕೇಳಬೇಕು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ - ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಮಲಪ್ರಭೆ ಒಂದೇ ದಾರದಲ್ಲಿ ಪೋಣಿಸಿದ್ದಾಳೆ. ಆದರೆ ನೆಲ ಒಂದೇ ಬಗೆಯದಲ್ಲ. ಹಿಂದೆ ಬೈಲಹೊಂಗಲಕ್ಕೆ ಸೇರಿದ್ದ ಕಿತ್ತೂರಿನ ಪಶ್ಚಿಮದ ಅಂಚಿಗೆ ಮಲೆನಾಡಿನ ಸೆರಗು ತಾಗಿದೆ. ಅಲ್ಲಿ ಭತ್ತವಿದೆ, ಭತ್ತದ ಹುಲ್ಲಿದೆ. ಬೈಲಹೊಂಗಲಕ್ಕೆ ಬಂದರೆ ಎರೆಭೂಮಿ, ಜೋಳ, ಕಡಲೆ, ಹತ್ತಿ, ಈಚಿನ ದಶಕಗಳಲ್ಲಿ ಸೋಯಾ. ಪೂರ್ವಕ್ಕೆ ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ನವಿಲುತೀರ್ಥದ ಅಣೆಕಟ್ಟೆಯ ನೀರು ಮುಟ್ಟಿದ ಹೊಲದ್ದು ಒಂದು ಲೆಕ್ಕ, ಮುಟ್ಟದ ಹೊಲದ್ದು ಇನ್ನೊಂದು ಲೆಕ್ಕ.

ಇಲ್ಲಿಯ ಎತ್ತಿನ ಸ್ಪರ್ಧೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಖಾಲಿ ಗಾಡಾ ಓಡಿಸುವುದು: ಜೋಡೆತ್ತು ಕಟ್ಟಿದ ಖಾಲಿ ಗಾಡಿ ಒಂದು ನಿಮಿಷದಂಥ ಗೊತ್ತುಪಡಿಸಿದ ಅವಧಿಯಲ್ಲಿ ಎಷ್ಟು ಅಡಿ ಓಡಿತು ಎಂದು ಅಳೆಯುತ್ತಾರೆ. ಇನ್ನೊಂದು ತೆರಬಂಡಿ: ಭಾರದ ಬಂಡಿಯನ್ನು ಎತ್ತುಗಳು ಎಷ್ಟು ದೂರ ಜಗ್ಗಿದವು ಎಂಬುದು ಲೆಕ್ಕ. ಮೊದಲನೆಯದಕ್ಕೆ ವೇಗ ಬೇಕು, ಎರಡನೆಯದಕ್ಕೆ ಎದೆಗಾರಿಕೆ. ಖಿಲಾರಿ ತಳಿ ಓಟಕ್ಕೆ ಹೆಸರಾದದ್ದು. ಎರೆಮಣ್ಣಿನ ಭಾರದ ಕೆಲಸಕ್ಕೆಂದೇ ಬೆಳೆಸಿದ್ದು ಕೃಷ್ಣಾ ಕಣಿವೆಯ ತಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಂಗ್ಲಿಯ ಪಟವರ್ಧನ ಸಂಸ್ಥಾನಿಕರು ಗಿರ್, ಓಂಗೋಲ್ ಮುಂತಾದ ತಳಿಗಳನ್ನು ಸ್ಥಳೀಯ ದನಗಳೊಂದಿಗೆ ಕೂಡಿಸಿ ಇದನ್ನು ರೂಪಿಸಿದರು. ಇವುಗಳಲ್ಲದೆ ಕಾರಹುಣ್ಣಿಮೆಯ ಕರಿ ಹರಿಯುವ ಓಟವಂತೂ ಇದ್ದೇ ಇದೆ. ಅದಕ್ಕೆ ಬಹುಮಾನಕ್ಕಿಂತ ನಂಬಿಕೆ ದೊಡ್ಡದು; ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಯಾವ ಬೆಳೆ ಹುಲುಸಾದೀತೆಂದು ಹಿರಿಯರು ಹೇಳುತ್ತಿದ್ದರು.

ಈಗ ಖರ್ಚಿನ ಮಾತು. ನಾನೂರೈವತ್ತು ಕಿಲೋ ತೂಗುವ ಒಂದು ಎತ್ತಿಗೆ ದಿನಕ್ಕೆ ಸುಮಾರು 10 ಕಿಲೋ ಒಣಮೇವು ಬೇಕು. ಜೋಡಿಗೆ 20 ಕಿಲೋ, ವರ್ಷಕ್ಕೆ 7 ಟನ್ನಿಗೂ ಮೇಲೆ. ಇದು ಬರಿ ಹೊಟ್ಟೆ ತುಂಬುವ ಮಾತು. ಓಡುವ ಎತ್ತಿಗೆ ಹುರುಳಿ, ಹಿಂಡಿ, ಹತ್ತಿಕಾಳು ಬೇಕು. ಹಾಲು, ಮೊಟ್ಟೆ ಕೊಡುವವರೂ ಉಂಟು. ಮೈ ತಿಕ್ಕಿ ತೊಳೆದು ದಿನವೂ ನಡೆದಾಡಿಸುವುದಕ್ಕೆ ಒಬ್ಬ ಆಳು ಬೇಕು. ಶರ್ಯತ್ತಿನ ಊರಿಗೆ ಸಾಗಿಸಲು ವಾಹನ ಬೇಕು. ಒಳ್ಳೆಯ ಖಿಲಾರಿ ಜೋಡಿಯ ಬೆಲೆ ಲಕ್ಷಗಳಲ್ಲಿದೆ. ಆದರೆ ಕೊಂಡ ದಿನದ ಬೆಲೆಗಿಂತ ಭಾರವಾದದ್ದು ದಿನದಿನದ ಮೇವು.

ಇದನ್ನು ಇನ್ನೊಂದು ಓಟದ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ರೇಡಿಯೊ ಅಲೆಗಳಿಂದ ದೂರನಿಂತು ಓಡಿಸುವ ಪುಟ್ಟ ಕಾರುಗಳ ರೇಸು ಅಮೆರಿಕ, ಯುರೋಪು, ಜಪಾನುಗಳಲ್ಲಿ ದೊಡ್ಡವರ ಹವ್ಯಾಸ. ಜಪಾನಿನ ಟಮಿಯಾ ಕಂಪನಿ 1976ರಲ್ಲಿ ಪೋರ್ಷೆ ಕಾರಿನ ಇಂಥ ಮಾದರಿಯೊಂದನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಮನೆಮನೆಗೆ ಹಬ್ಬಿತು. ಅದಕ್ಕೂ ಖರ್ಚಿದೆ; ಟೈರು, ಬ್ಯಾಟರಿ, ಪ್ರವೇಶ ಶುಲ್ಕ. ನೌಕರಿ ಹೋದವನು ಮೊದಲು ಅದನ್ನೇ ಬಿಡಬಹುದು. ಆದರೆ ಬಿಟ್ಟ ಕಾರು ಅಟ್ಟದ ಮೇಲೆ ಕುಳಿತಿರುತ್ತದೆ, ಏನೂ ಕೇಳುವುದಿಲ್ಲ. ಎರಡು ವರ್ಷದ ಮೇಲೆ ಕೈಗೆ ಕಾಸು ಬಂದರೆ ದೂಳು ಒರೆಸಿ, ಹೊಸ ಬ್ಯಾಟರಿ ಹಾಕಿ ಮತ್ತೆ ಓಡಿಸಬಹುದು. ಎತ್ತನ್ನು ಅಟ್ಟಕ್ಕೆ ಏರಿಸಲಾಗದು. ಓಟ ನಿಲ್ಲಿಸಿದ ದಿನವೂ ಅದಕ್ಕೆ 10 ಕಿಲೋ ಮೇವು ಬೇಕೇ ಬೇಕು.

ಕಷ್ಟಕಾಲದಲ್ಲಿ ಓಟಗಳು ಹೆಚ್ಚಿದ ಉದಾಹರಣೆಯೂ ಇದೆ ಎಂದರೆ ಓದುಗರಿಗೆ ಅಚ್ಚರಿಯಾದೀತು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸರ್ಕಾರಗಳ ಬೊಕ್ಕಸ ಬರಿದಾಯಿತು. ತೆರಿಗೆ ಆಸೆಗೆ ಹಲವು ರಾಜ್ಯಗಳು ಕುದುರೆ ಜೂಜಿಗೆ ಪರವಾನಗಿ ಕೊಟ್ಟವು. ಕ್ಯಾಲಿಫೋರ್ನಿಯಾ 1933ರಲ್ಲಿ ಒಪ್ಪಿತು. ಮರುವರ್ಷವೇ ಅಲ್ಲಿ ಸಾಂಟಾ ಅನಿಟಾ ರೇಸ್ ಮೈದಾನ ತೆರೆಯಿತು. ಅದೇ 1933ರಲ್ಲಿ ಓಹಿಯೊ ರಾಜ್ಯದ ಡೇಟನ್ ಊರಿನಲ್ಲಿ ಪತ್ರಿಕಾ ಛಾಯಾಗ್ರಾಹಕ ಮೈರನ್ ಸ್ಕಾಟ್ ಒಂದು ದೃಶ್ಯ ಕಂಡ. ಹುಡುಗರು ಹಳೆಯ ಪೆಟ್ಟಿಗೆ, ಹಲಗೆ, ಕೂಸಿನ ಗಾಡಿಯ ಗಾಲಿ ಕೂಡಿಸಿ ಮಾಡಿದ ಎಂಜಿನ್ ಇಲ್ಲದ ಬಂಡಿಗಳನ್ನು ಇಳಿಜಾರಿನಲ್ಲಿ ಓಡಿಸುತ್ತಿದ್ದರು. ಮುಂದಿನ ವರ್ಷ ಅದು ಅಖಿಲ ಅಮೆರಿಕ ಸ್ಪರ್ಧೆಯಾಯಿತು. ಮುಗ್ಗಟ್ಟಿನ ನಡುವೆಯೇ ಹುಟ್ಟಿ ಬೆಳೆಯಿತು, ಏಕೆಂದರೆ ಪಾಲ್ಗೊಳ್ಳುವವನಿಗೆ ಕಸದ ರಾಶಿಯೇ ಬಂಡವಾಳವಾಗಿತ್ತು. ಕಷ್ಟ ಬಂದಾಗ ಓಟದ ಆಸೆ ಇಂಗುವುದಿಲ್ಲ. ಓಡಿಸುವ ವಸ್ತುವನ್ನು ಇಟ್ಟುಕೊಳ್ಳಲು ಏನು ಬೀಳುತ್ತದೆ ಎಂಬುದರ ಮೇಲೆ ಯಾರು ಉಳಿದರು, ಯಾರು ಹೋದರು ಎಂಬುದು ನಿಂತಿದೆ.

ನಮ್ಮ ಕಡೆ ಬರದ ಪೆಟ್ಟು ಶರ್ಯತ್ತಿಗೆ ಕೂಡಲೇ ಬೀಳುವುದಿಲ್ಲ. ಹಿಂಗಾರಿ ಜೋಳ ಕಿತ್ತು, ಕಣಕಿ ಬಣವಿ ಒಟ್ಟಿ, ಕೆಲಸ ಮುಗಿದ ಮೇಲೆ ಜಾತ್ರೆಗಳ ಸುಗ್ಗಿ. ಎತ್ತಿಗೆ ಬಿಡುವು, ಬಣವಿ ತುಂಬ ಮೇವು, ಮಾಲು ಮಾರಿದ ಹಣ, ಮೂರೂ ಕೂಡುವ ಕಾಲ ಅದು. ಮುಂಗಾರು ತಪ್ಪಿದ ಕೂಡಲೇ ಹಳೆಯ ಬಣವಿ ಇನ್ನೂ ಇರುತ್ತದೆ. ಹಿಂಗಾರೂ ತಪ್ಪಿತೆಂದರೆ ಮುಂದಿನ ಬೇಸಿಗೆಗೆ ಮೂರೂ ಇಲ್ಲ. 2023ರಲ್ಲಿ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿತು. ಇಷ್ಟು ವಿಸ್ತಾರದ ಬರದಲ್ಲಿ ಪಕ್ಕದ ತಾಲ್ಲೂಕಿನಿಂದ ಮೇವು ತರುತ್ತೇನೆ ಎನ್ನುವುದಕ್ಕೂ ಅವಕಾಶ ಕಡಿಮೆ. ಕಣಕಿಯ ಬೆಲೆ ಏರುತ್ತದೆ, ಎತ್ತಿನ ಬೆಲೆ ಇಳಿಯುತ್ತದೆ. ಇಟ್ಟುಕೊಳ್ಳುವುದು ದುಬಾರಿ, ಮಾರುವುದು ಅಗ್ಗ. ರೈತ ಸಿಕ್ಕಿಬೀಳುವುದು ಈ ಎರಡು ಬೆಲೆಗಳ ನಡುವೆ.

ಎತ್ತು ರೈತನ ಬ್ಯಾಂಕೂ ಹೌದು. ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಕೆನೆತ್ ವೋಲ್ಪಿನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕುರಿತದ್ದು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ದಕ್ಷಿಣ ಭಾರತದ ಒಣಭೂಮಿಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಲೆಹಾಕಿದ ಲೆಕ್ಕವೇ ಅದರ ಆಧಾರ. ನಮಗೆ ದೂರವಲ್ಲದ ಸೊಲ್ಲಾಪುರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಆದಾಯ ಕುಸಿದ ವರ್ಷ ರೈತ ಎತ್ತು ಮಾರುತ್ತಾನೆ, ಆದಾಯ ಬಂದ ವರ್ಷ ಕೊಳ್ಳುತ್ತಾನೆ. ಸಾಲ ಹುಟ್ಟದ ಬಡವನಿಗೆ ಹೊಟ್ಟೆ ತುಂಬಿಸಿಕೊಳ್ಳಲು ಅದೊಂದು ದಾರಿ. ಇದರಿಂದಾಗಿ ಬೇಸಾಯಕ್ಕೆ ಬೇಕಾದದ್ದಕ್ಕಿಂತ ಕಡಿಮೆ ಎತ್ತುಗಳಲ್ಲೇ ಅವನು ಕಾಲ ಕಳೆಯುತ್ತಾನೆ. ಹಾಗೆಂದು ದನ ಮಾರಿದರೆ ನಷ್ಟವೆಲ್ಲ ತುಂಬುತ್ತದೆ ಎನ್ನುವಂತಿಲ್ಲ. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊದ ಬರಗಳನ್ನು ಕುರಿತು 1998ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಜಾನುವಾರು ಮಾರಾಟದಿಂದ ತುಂಬಿಕೊಂಡದ್ದು ನಷ್ಟದ ನೂರಕ್ಕೆ 15ರಿಂದ 30 ಪಾಲು ಮಾತ್ರ.

ಸೊಲ್ಲಾಪುರದ ಆ ಲೆಕ್ಕ 1970-80ರ ದಶಕದ್ದು. ಆಗ ಮಾರಿದವನು ಮತ್ತೆ ಕೊಳ್ಳಲೇಬೇಕಿತ್ತು. ಬಿತ್ತಿಗೆ, ಹರಗುವುದಕ್ಕೆ ಎತ್ತಿಲ್ಲದೆ ನಡೆಯುತ್ತಿರಲಿಲ್ಲ. ಬರ ಕಳೆದು ಎರಡು ಒಳ್ಳೆಯ ಮಳೆಯಾದರೆ ಸಂತೆಯಲ್ಲಿ ಜೋಡಿ ಕೊಳ್ಳುವವರು ಕಾಣಿಸುತ್ತಿದ್ದರು, ಮುಂದಿನ ಜಾತ್ರೆಗೆ ಅದೇ ಜೋಡಿ ಶರ್ಯತ್ತಿಗೂ ಬರುತ್ತಿತ್ತು. ಇಂದು ಮಳೆ ಬಿದ್ದರೆ ಬಾಡಿಗೆ ಟ್ರ್ಯಾಕ್ಟರಿಗೆ ಫೋನು ಮಾಡಿದರಾಯಿತು. ವರ್ಷವಿಡೀ ಮೇವು ಹಾಕುವುದಕ್ಕಿಂತ ನಾಲ್ಕು ದಿನದ ಬಾಡಿಗೆ ಅಗ್ಗ. ಹೀಗಾಗಿ ಬರದಲ್ಲಿ ಹಟ್ಟಿಯಿಂದ ಹೊರಟ ಎತ್ತು ಮಳೆಗಾಲದಲ್ಲಿ ಹಿಂತಿರುಗುವುದಿಲ್ಲ. ಬಾವಿಯ ರಾಟೆಯ ಹಗ್ಗ ಮೇಲೆ ಕೆಳಗೆ ಆಡುತ್ತದೆ. ಇದು ಕೆಳಗೆ ಮಾತ್ರ ಇಳಿಯುವ ಹಗ್ಗ. ದೇಶದ ಜಾನುವಾರು ಗಣತಿಯ ಪ್ರಕಾರ 2012ರಿಂದ 2019ರೊಳಗೆ ಗಂಡು ದನಗಳ ಸಂಖ್ಯೆ ನೂರಕ್ಕೆ 30ರಷ್ಟು ಇಳಿಯಿತು. ಇದೆಲ್ಲ ಬರದ ಕೆಲಸವಲ್ಲ, ಯಂತ್ರದ ಪಾಲು ದೊಡ್ಡದು. ಆದರೆ ಇವತ್ತೋ ನಾಳೆಯೋ ಮಾರೋಣ ಎಂದು ಮೀನಮೇಷ ಎಣಿಸುತ್ತಿದ್ದವನಿಗೆ ದಿನ ಗೊತ್ತುಮಾಡಿಕೊಡುವುದು ಬರವೇ.

ಶರ್ಯತ್ತಿನ ಕಣ ಬದಲಾದದ್ದು ಇದರಿಂದ. ಹಗಲು ಕುಂಟೆ ಹೊಡೆದು, ಜಾತ್ರೆಯ ದಿನ ಕೊಂಬಿಗೆ ಬಣ್ಣ ಬಳಿದು ತನ್ನ ಉಳುವ ಎತ್ತನ್ನೇ ಓಟಕ್ಕೆ ತರುತ್ತಿದ್ದ ನಾಲ್ಕೆಕರೆಯವನು ಹಿಂದೆ ಸರಿದಿದ್ದಾನೆ. ಮುಂದೆ ಬಂದವನು ಓಟಕ್ಕೆಂದೇ ಜೋಡಿ ಕಟ್ಟುವವನು. ಅವನಿಗೆ ನೀರಾವರಿ ಇದೆ, ಇಲ್ಲವೆ ವ್ಯಾಪಾರವಿದೆ, ಗುತ್ತಿಗೆ ಕೆಲಸವಿದೆ; ಎತ್ತು ಅವನ ಪ್ರತಿಷ್ಠೆ. ಬಹುಮಾನ ದೊಡ್ಡದಾದಷ್ಟೂ ಸ್ಪರ್ಧೆ ಅವನ ಕಡೆಗೇ ವಾಲುತ್ತದೆ. ಒಂದು ಮಾತನ್ನು ಅವನ ಪರವಾಗಿಯೂ ಹೇಳಬೇಕು: ಖಿಲಾರಿಯಂಥ ತಳಿಗೆ ಇಂದು ಒಳ್ಳೆಯ ಬೆಲೆ ಉಳಿದಿರುವುದರಲ್ಲಿ ಅವನ ಹುಚ್ಚಿನ ಪಾಲೂ ಇದೆ. ಕಮಿಟಿಯವರಿಗೆ ಮಾತ್ರ ಬರದ ವರ್ಷ ಇನ್ನೊಂದು ತಲೆನೋವು. ವಂತಿಗೆ ಕೊಡುವ ಅಂಗಡಿಕಾರನ ಗಲ್ಲಾಪೆಟ್ಟಿಗೆ ತುಂಬುವುದೂ ರೈತನ ಹಣದಿಂದಲೇ. ಕಬ್ಬಿನ ಬಿಲ್ಲು ತಡವಾದರೆ, ಹತ್ತಿಯ ದರ ಬಿದ್ದರೆ ಅವನೂ ಕೈ ಬಿಗಿ ಹಿಡಿಯುತ್ತಾನೆ. ಆಗ ಕಾಣಿಸಿಕೊಳ್ಳುವವರು ರಾಜಕೀಯದ ದಾನಿಗಳು. ಚುನಾವಣೆ ಹತ್ತಿರವಿದ್ದರೆ ಬರವೂ ಬಹುಮಾನದ ಪಟ್ಟಿಯನ್ನು ಚಿಕ್ಕದು ಮಾಡಲಾರದು!

ಜೋಡಿಗಳು ಕಡಿಮೆಯಾದ ಪ್ರತಿ ವರ್ಷವನ್ನೂ ಹಣದ ತಲೆಗೆ ಕಟ್ಟುವುದು ಸರಿಯಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟಗಳಿಗೂ ತಡೆ ಹಾಕಿತು. ಕರ್ನಾಟಕ 2017ರಲ್ಲಿ ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ ಕಾಯ್ದೆಗೆ ತಿದ್ದುಪಡಿ ತಂದಿತು; ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು 2023ರ ಮೇ 18ರಂದು. ನಡುವೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ಕಡೆಯ ಊರುಗಳಿಗೆ ನುಗ್ಗಿತು. 2020ರಲ್ಲಿ ಕೊರೊನಾ ಜಾತ್ರೆಗಳನ್ನೇ ನಿಲ್ಲಿಸಿತು. 2022ರಲ್ಲಿ ಚರ್ಮಗಂಟು ರೋಗ ಹರಡಿ ಜಾನುವಾರು ಜಾತ್ರೆಗಳಿಗೆ ನಿಷೇಧ ಬಂತು. ಕೋರ್ಟಿನ ತಡೆ ಒಂದು ದಿನ ತೆರವಾಗುತ್ತದೆ, ರೋಗ ಒಂದು ದಿನ ಇಳಿಯುತ್ತದೆ. ಆದರೆ ಓಡಿಸಲಾಗದ ಎತ್ತಿಗೆ ಅಷ್ಟು ದಿನ ಮೇವು ಹಾಕಿದವರು ಯಾರೆಂದು ಕೇಳಿದರೆ ಉತ್ತರ ಮತ್ತೆ ಅದೇ: ಕೈಯಲ್ಲಿ ಬೇರೆ ಆದಾಯವಿದ್ದವರು.

ಹಾಗಾದರೆ ಎತ್ತಿಲ್ಲದ ಹುಡುಗರು ಜಾತ್ರೆಯಲ್ಲಿ ಬರೀ ಚಪ್ಪಾಳೆ ತಟ್ಟುತ್ತಾರೆಯೇ? ಇಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳ ಕರಪತ್ರದಲ್ಲಿ ಗಾಡಾ ಓಟದ ಕೆಳಗೆ ಈಗ ಇನ್ನೊಂದು ಸಾಲು ಕಾಣುತ್ತದೆ: ಟ್ರೇಲರ್ ಸಹಿತ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸುವ ಸ್ಪರ್ಧೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಂದಕ್ಕೆ ನೆಟ್ಟಗೆ ನಡೆಸುವುದು ಹುಡುಗಾಟವಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೊರಳುತ್ತದೆ. ಇಲ್ಲಿ ಗೆಲ್ಲುವುದಕ್ಕೆ ಬಣವಿ ಬೇಡ, ಲಕ್ಷದ ಜೋಡಿ ಬೇಡ. ಟ್ರ್ಯಾಕ್ಟರಿನ ಕಂತು ಬರದ ವರ್ಷದಲ್ಲೂ ಬಿಡದೆ ಮೇಯುತ್ತದೆ ನಿಜ, ಆದರೆ ಆ ಕಂತು ಮಾಲೀಕನದು. ಸ್ಟಿಯರಿಂಗ್ ಹಿಡಿದವನು ಅನೇಕ ಸಲ ಪಗಾರದ ಚಾಲಕ. ಅವನ ಮನೆಯಲ್ಲಿ ಎತ್ತೂ ಇಲ್ಲ, ಟ್ರ್ಯಾಕ್ಟರೂ ಇಲ್ಲ.